ಹೊಡೆಯುವುದೋ, ಕೂತು ಮಾತಾಡುವುದೋ? ಭಯೋತ್ಪಾದನೆಯ ಎದುರು ನಾಯಕರು ಹಿಡಿದ ದಾರಿಗಳನ್ನು ತೂಗಿ ನೋಡುವ ಬಗೆ

1985ರ ಜುಲೈ 24ರಂದು ಪ್ರಧಾನಿ ರಾಜೀವ್ ಗಾಂಧಿ ಮತ್ತು ಸಿಖ್ಖರ ಪಕ್ಷವಾದ ಅಕಾಲಿ ದಳದ ನಾಯಕ ಹರಚಂದ್ ಸಿಂಗ್ ಲೋಂಗೊವಾಲ್ ಪಂಜಾಬ್ ಒಪ್ಪಂದಕ್ಕೆ ಸಹಿ ಹಾಕಿದರು. ಹನ್ನೊಂದು ತಿಂಗಳ ನಂತರ, 1986ರ ಜೂನ್ 30ರಂದು, ಅದೇ ಸರ್ಕಾರ ಮಿಜೋ ನ್ಯಾಷನಲ್ ಫ್ರಂಟ್‌ನ ಲಾಲ್‌ಡೆಂಗ ಅವರೊಂದಿಗೆ ಇನ್ನೊಂದು ಒಪ್ಪಂದ ಮಾಡಿಕೊಂಡಿತು. ಮೊದಲನೆಯದಕ್ಕೆ ಸಹಿ ಹಾಕಿದ ಲೋಂಗೊವಾಲ್ ತಿಂಗಳು ತುಂಬುವ ಮೊದಲೇ ಗುಂಡಿಗೆ ಬಲಿಯಾದರು. ಪಂಜಾಬ್ ಇನ್ನೂ ಏಳೆಂಟು ವರ್ಷ ಹೊತ್ತಿ ಉರಿಯಿತು. ಎರಡನೆಯದಾದ ಮೇಲೆ, ಇಪ್ಪತ್ತು ವರ್ಷ ಕಾಡಿನಲ್ಲಿದ್ದ ಎಂಎನ್‌ಎಫ್ ಬಂದೂಕು ಕೆಳಗಿಟ್ಟು ಚುನಾವಣೆಗೆ ನಿಂತಿತು. ಇವತ್ತಿಗೂ ಅದು ಮಿಜೋರಂನ ರಾಜಕೀಯ ಪಕ್ಷಗಳಲ್ಲೊಂದು. ಪ್ರಧಾನಿ ಒಬ್ಬರೇ, ಫಲ ಮಾತ್ರ ಅಜಗಜಾಂತರ.

ಎಲ್ಲಾದರೂ ಬಾಂಬ್ ಸಿಡಿದ ಮರುದಿನ ಟಿವಿಯಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಹೋಟೆಲಿನ ಟೇಬಲ್ ಸುತ್ತ ಎರಡು ದನಿ ಏಳುತ್ತವೆ. ಒಂದು, ಇವರನ್ನೆಲ್ಲ ಹೊಸಕಿ ಹಾಕಬೇಕು ಎನ್ನುತ್ತದೆ. ಇನ್ನೊಂದು, ಮಾತುಕತೆಯೊಂದೇ ದಾರಿ ಎನ್ನುತ್ತದೆ. ಎರಡೂ ದನಿಯವರ ಬಳಿ ಒಂದೊಂದು ಉದಾಹರಣೆ ಸಿದ್ಧವಿರುತ್ತದೆ: ಒಬ್ಬರು ಶ್ರೀಲಂಕಾ ತೋರಿಸುತ್ತಾರೆ, ಇನ್ನೊಬ್ಬರು ಉತ್ತರ ಐರ್ಲೆಂಡ್. ರಾಜ್ಯಶಾಸ್ತ್ರ ಓದುವ ಹುಡುಗ ಹುಡುಗಿಯರಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರಿಗೂ ಸುಮ್ಮನೆ ಮತ ಹಾಕುವ ನಮ್ಮಂಥವರಿಗೂ ಈ ಉದಾಹರಣೆಗಳನ್ನು ಸ್ವಲ್ಪ ಬಿಚ್ಚಿ ನೋಡುವುದು ಅಗತ್ಯ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿತ್ತು.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜಗಳದ ಮೂಲ ಯಾವುದು ಎಂದು ನಾಯಕ ನಂಬುತ್ತಾನೋ ಅದರ ಮೇಲೆ ಪೊಲೀಸರ ಕೈಗೆ ಯಾವ ಕಾನೂನು ಬರುತ್ತದೆ, ಜೈಲಿನೊಳಗೆ ಯಾರಿರುತ್ತಾರೆ, ಗುಪ್ತಚರ ಇಲಾಖೆ ಯಾರ ಹಿಂದೆ ಓಡಾಡುತ್ತದೆ ಎಂಬುದೆಲ್ಲ ನಿಂತಿದೆ. ಆ ದಾರಿ ಫಲಿಸುತ್ತದೋ ಇಲ್ಲವೋ ಎಂದು ತಿಳಿಯಲು ಎರಡು ಪ್ರಶ್ನೆ ಕೇಳಬೇಕು. ಎದುರಿಗೆ ಕೂತವನ ಮಾತನ್ನು ಬಂದೂಕು ಹಿಡಿದವರು ಕೇಳುತ್ತಾರೆಯೇ? ನಾಯಕ ಕೊಟ್ಟ ಮಾತನ್ನು ಅವನದೇ ಮನೆಯವರು ನಡೆಸಿಕೊಡಲು ಬಿಡುತ್ತಾರೆಯೇ?

ಒಪ್ಪಂದದ ದಾರಿ: ಐಜ್ವಾಲ್ ಒಂದು ಕಡೆ, ಚಂಡೀಗಢ ಇನ್ನೊಂದು ಕಡೆ

ಮಿಜೋರಂನ ಕತೆ ಬಿದಿರಿನಿಂದ ಶುರುವಾಗುತ್ತದೆ. 1959ರಲ್ಲಿ ಬಿದಿರು ಹೂ ಬಿಟ್ಟಿತು, ಇಲಿಗಳ ಹಿಂಡು ಹೆಚ್ಚಿತು, ಬೆಳೆ ಹೋಯಿತು, ಬರ ಬಂತು. ಆಗ ಈ ಬೆಟ್ಟಗಳು ಅಸ್ಸಾಂನ ಆಡಳಿತದಲ್ಲಿದ್ದವು. ಅಸ್ಸಾಂ ಸರ್ಕಾರ ಸರಿಯಾಗಿ ನೆರವಿಗೆ ಬರಲಿಲ್ಲ ಎಂಬ ಸಿಟ್ಟಿನಲ್ಲಿ, ಬರ ಪರಿಹಾರಕ್ಕೆಂದು ಕಟ್ಟಿದ ಸಂಘಟನೆಯೇ 1961ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. 1966ರ ಫೆಬ್ರವರಿ 28ರಂದು ಅದು ಬಂಡೆದ್ದಿತು. ಪ್ರಧಾನಿಯಾಗಿ ಆರು ವಾರವೂ ಆಗಿರದ ಇಂದಿರಾ ಗಾಂಧಿಯವರ ಸರ್ಕಾರ ಮಾರ್ಚ್ 5ರಂದು ಐಜ್ವಾಲ್ ಮೇಲೆ ವಾಯುಪಡೆಯ ವಿಮಾನಗಳನ್ನು ಕಳಿಸಿತು. ಸ್ವತಂತ್ರ ಭಾರತ ತನ್ನದೇ ಊರಿನ ಮೇಲೆ ಬಾಂಬ್ ಹಾಕಿದ್ದು ಅಲ್ಲಿ. ಆಮೇಲೆ ಹಳ್ಳಿಗಳನ್ನು ಖಾಲಿ ಮಾಡಿಸಿ, ಜನರನ್ನು ರಸ್ತೆ ಬದಿಯ ಕಾವಲಿನ ಊರುಗಳಿಗೆ ಕೂಡಿಹಾಕಿದರು. ಬಂಡುಕೋರರಿಗೆ ಅನ್ನ ಸಿಗಬಾರದು ಎಂಬುದು ಲೆಕ್ಕಾಚಾರ. ಗದ್ದೆ ಬಿಟ್ಟು ಬಂದ ಜನರಿಗೇ ಅನ್ನ ಸಿಗಲಿಲ್ಲ. ಬಂಡಾಯ ಮುಗಿಯಲೂ ಇಲ್ಲ.

ಮಾತುಕತೆ 1976ರಿಂದ ನಾಲ್ಕಾರು ಸಲ ಕೂಡಿತು, ಮುರಿಯಿತು. 1986ರಲ್ಲಿ ಕೈಗೂಡಲು ಕಾರಣ ಪ್ರಧಾನಿಯ ಒಳ್ಳೆಯತನವೊಂದೇ ಆಗಿರಲಿಲ್ಲ. ಲಾಲ್‌ಡೆಂಗ ಹೇಳಿದರೆ ಕಾಡಿನಲ್ಲಿದ್ದವರು ಕೇಳುತ್ತಿದ್ದರು. ಅವರು ಪ್ರತ್ಯೇಕ ದೇಶದ ಬೇಡಿಕೆ ಬಿಟ್ಟರು, ಶಸ್ತ್ರ ಒಪ್ಪಿಸಿದರು. ದೆಹಲಿಯೂ ತನ್ನ ಪಾಲು ಕೊಟ್ಟಿತು. ಪೂರ್ಣ ರಾಜ್ಯದ ಸ್ಥಾನ ಕೊಟ್ಟಿತು. ಮಿಜೋಗಳ ಧರ್ಮ, ರೂಢಿಯ ಕಾನೂನು, ಜಮೀನಿನ ವಿಷಯದಲ್ಲಿ ಸಂಸತ್ತು ಮಾಡುವ ಕಾಯ್ದೆ ಅಲ್ಲಿನ ವಿಧಾನಸಭೆ ಒಪ್ಪದೆ ಜಾರಿಯಾಗದು ಎನ್ನುವ 371ಜಿ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿತು. ಎಲ್ಲಕ್ಕಿಂತ ದೊಡ್ಡದು, ಕಾಂಗ್ರೆಸ್ಸಿನ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ತಮ್ಮ ಕುರ್ಚಿ ಬಿಟ್ಟು ಉಪ ಮುಖ್ಯಮಂತ್ರಿಯಾದರು, ಆ ಕುರ್ಚಿಯಲ್ಲಿ ಲಾಲ್‌ಡೆಂಗ ಕೂತರು. 1987ರ ಫೆಬ್ರವರಿ 20ರಂದು ಮಿಜೋರಂ ರಾಜ್ಯವಾಯಿತು. ಎರಡು ವರ್ಷದ ನಂತರ ಲಾಲ್‌ಡೆಂಗ ಅವರ ಪಕ್ಷ ಚುನಾವಣೆ ಸೋತಿತು. ಸೋತವರು ಮತ್ತೆ ಕಾಡಿಗೆ ಹೋಗಲಿಲ್ಲ, ವಿರೋಧ ಪಕ್ಷದ ಬೆಂಚಿಗೆ ಹೋದರು. ನನ್ನ ಮಟ್ಟಿಗೆ ಒಪ್ಪಂದ ಗೆದ್ದ ದಿನ ಅದು.

ಪಂಜಾಬಿನಲ್ಲಿ ಎರಡೂ ಪ್ರಶ್ನೆಗೆ ಉತ್ತರ ಉಲ್ಟಾ. ಲೋಂಗೊವಾಲ್ ಗೌರವಾನ್ವಿತರು, ಸಂತರೆಂದೇ ಕರೆಸಿಕೊಂಡವರು, ಆದರೆ ಬಂದೂಕು ಹಿಡಿದ ಹುಡುಗರು ಅವರ ಮಾತಿಗೆ ತಲೆಬಾಗುವವರಾಗಿರಲಿಲ್ಲ. ಸ್ವರ್ಣಮಂದಿರಕ್ಕೆ ಸೇನೆ ನುಗ್ಗಿದ ಆಪರೇಷನ್ ಬ್ಲೂಸ್ಟಾರ್ ನಡೆದು ವರ್ಷವಷ್ಟೇ ಕಳೆದಿತ್ತು, ದೆಹಲಿಯ ಸಿಖ್ ಹತ್ಯಾಕಾಂಡ ನಡೆದು ವರ್ಷವೂ ಕಳೆದಿರಲಿಲ್ಲ. ಆಗಸ್ಟ್ 20ರಂದು ಶೇರ್‌ಪುರದ ಗುರುದ್ವಾರದಲ್ಲಿ ಅವರನ್ನೇ ಕೊಂದರು. ಆದರೂ ಸೆಪ್ಟೆಂಬರ್ ಚುನಾವಣೆಯಲ್ಲಿ ಜನ ಅವರ ಪಕ್ಷವನ್ನೇ ಗೆಲ್ಲಿಸಿದರು, ಸುರ್ಜಿತ್ ಸಿಂಗ್ ಬರ್ನಾಲಾ ಮುಖ್ಯಮಂತ್ರಿಯಾದರು. ಸಾಮಾನ್ಯ ಜನ ಒಪ್ಪಂದದ ಪರವಾಗಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೈಕೊಟ್ಟದ್ದು ದೆಹಲಿ. ಚಂಡೀಗಢವನ್ನು 1986ರ ಜನವರಿ 26ರಂದು ಪಂಜಾಬಿಗೆ ಕೊಡುತ್ತೇವೆ, ಬದಲಿಗೆ ಹಿಂದಿ ಮಾತಾಡುವ ಹಳ್ಳಿಗಳನ್ನು ಹರಿಯಾಣಕ್ಕೆ ಗುರುತಿಸುತ್ತೇವೆ ಎಂದು ಒಪ್ಪಂದದಲ್ಲಿತ್ತು. ಆ ಹಳ್ಳಿ ಯಾವುವು ಎಂದು ಹೇಳಲು ಒಂದಾದ ಮೇಲೊಂದು ಆಯೋಗ ಬಂದವು. ಅದರಲ್ಲೊಂದರ ಹೊಣೆ ಹೊತ್ತವರು ಕನ್ನಡಿಗರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಹರಿಯಾಣದ ಕಾಂಗ್ರೆಸ್ ನಾಯಕರು ಒಪ್ಪಲಿಲ್ಲ, ಅಲ್ಲಿ ಚುನಾವಣೆ ಹತ್ತಿರ ಬರುತ್ತಿತ್ತು. ಜನವರಿ 26 ಬಂತು, ಹೋಯಿತು. ಚಂಡೀಗಢ ಇವತ್ತಿಗೂ ಕೇಂದ್ರಾಡಳಿತ ಪ್ರದೇಶ. 1987ರ ಮೇ ತಿಂಗಳಲ್ಲಿ ಬರ್ನಾಲಾ ಸರ್ಕಾರವನ್ನು ವಜಾ ಮಾಡಿದರು. ಮಾತುಕತೆಯ ಪರ ನಿಂತವರ ಕೈಯಲ್ಲಿ ಜನರಿಗೆ ತೋರಿಸಲು ಏನೂ ಉಳಿಯಲಿಲ್ಲ.

ಆಮೇಲೆ ಉಳಿದದ್ದು ಪೊಲೀಸ್ ದಾರಿ. 1992ರಲ್ಲಿ ಶೇಕಡ 24ರಷ್ಟು ಮತದಾನದಲ್ಲಿ ಗೆದ್ದ ಬೇಅಂತ್ ಸಿಂಗ್, ಪೊಲೀಸ್ ಮುಖ್ಯಸ್ಥ ಕೆ.ಪಿ.ಎಸ್. ಗಿಲ್ ಅವರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರು. ಒಂದೆರಡು ವರ್ಷದಲ್ಲಿ ಉಗ್ರರ ಬೆನ್ನೆಲುಬು ಮುರಿಯಿತು, ಹಳ್ಳಿಗರು ಸಂಜೆ ಹೊರಗೆ ಓಡಾಡುವಂತಾಯಿತು. ಇದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಅಮೃತಸರ ಜಿಲ್ಲೆಯ ಸ್ಮಶಾನಗಳಲ್ಲಿ ಪೊಲೀಸರು ಗುಟ್ಟಾಗಿ ಸುಟ್ಟ 2,097 ಶವಗಳ ಪ್ರಕರಣ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮುಂದೆ ಬಂತು. ಆ ಲೆಕ್ಕವನ್ನು ಹೊರಗೆ ತಂದ ಜಸ್ವಂತ್ ಸಿಂಗ್ ಖಾಲ್ರಾ ಅವರನ್ನು 1995ರ ಸೆಪ್ಟೆಂಬರ್‌ನಲ್ಲಿ ಮನೆ ಮುಂದಿನಿಂದಲೇ ಎತ್ತಿಕೊಂಡು ಹೋಗಿ ಕೊಂದರು. ಆಮೇಲೆ ಪೊಲೀಸರಿಗೇ ಶಿಕ್ಷೆಯಾಯಿತು. ಬೇಅಂತ್ ಸಿಂಗ್ ಅವರೂ ಅದೇ ವರ್ಷದ ಆಗಸ್ಟ್ 31ರಂದು ಆತ್ಮಾಹುತಿ ಬಾಂಬಿಗೆ ಬಲಿಯಾದರು.

ಇಲ್ಲೊಂದು ಮಾತು ನಾವು ಕನ್ನಡಿಗರು ನೆನಪಿಡಬೇಕಾದದ್ದು. ಪಂಜಾಬಿನ ಬೆಂಕಿಯ ನಡುವೆ 1985ರಲ್ಲಿ ಹುಟ್ಟಿದ, ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆ ಪಂಜಾಬಿನಲ್ಲೇ ನಿಲ್ಲಲಿಲ್ಲ. ಅದು ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಗೂ ಬಂತು. ವೀರಪ್ಪನ್‌ಗೆ ನೆರವಾದರೆಂದು ಹಿಡಿದ ಬಡ ಜನರು ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿದ್ದರು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಅಪಹರಿಸಿದಾಗ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಈ ಟಾಡಾ ಕೈದಿಗಳ ಬಿಡುಗಡೆಯೂ ಇತ್ತು. ಸರ್ಕಾರ ಕೇಸು ಹಿಂಪಡೆಯಲು ಹೊರಟಾಗ ಸುಪ್ರೀಂ ಕೋರ್ಟ್ ತಡೆಯಿತು. ಕೊನೆಗೆ 2001ರಲ್ಲಿ ವಿಚಾರಣೆ ಮುಗಿದಾಗ ಅವರಲ್ಲಿ ಬಹುಪಾಲು ಜನ ಖುಲಾಸೆಯಾದರು. ಒಂದು ಊರಿನ ಜಗಳಕ್ಕೆ ಮಾಡಿದ ಕಾನೂನು ಇನ್ನೊಂದು ಊರಿನ ಬಡವನ ಬಾಗಿಲಿಗೆ ಹೀಗೆ ಬರುತ್ತದೆ. ನೀತಿಯನ್ನು ಹೋಲಿಸುವಾಗ ಈ ಖರ್ಚನ್ನೂ ಬರೆದುಕೊಳ್ಳಬೇಕು.

ಕದನ ವಿರಾಮ, ಆಮೇಲೆ ಹೊಸಕಿ ಹಾಕುವ ದಾರಿ: ಕೊಲಂಬೊ

ಶ್ರೀಲಂಕಾದಲ್ಲಿ ಎಲ್ಲ ಬಗೆಯ ನಾಯಕರೂ ಬಂದು ಹೋದರು. ಅಧ್ಯಕ್ಷ ಪ್ರೇಮದಾಸ ಅವರು ಭಾರತದ ಶಾಂತಿಪಾಲನಾ ಪಡೆಯನ್ನು ಓಡಿಸಲು, ಈಳಂ ಎಂಬ ಪ್ರತ್ಯೇಕ ತಮಿಳು ದೇಶಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಗೇ ಆಯುಧ ಕೊಟ್ಟರು. 1993ರ ಮೇ 1ರಂದು ಅದೇ ಎಲ್‌ಟಿಟಿಇಯ ಆತ್ಮಾಹುತಿ ಬಾಂಬ್ ಅವರನ್ನು ಕೊಂದಿತು. ಚಂದ್ರಿಕಾ ಕುಮಾರತುಂಗ 1994ರಲ್ಲಿ ಶಾಂತಿಯ ಹೆಸರಲ್ಲೇ ಗೆದ್ದು ಬಂದರು. 1995ರ ಏಪ್ರಿಲ್‌ನಲ್ಲಿ ಟ್ರಿಂಕೋಮಲಿಯಲ್ಲಿ ನೌಕಾಪಡೆಯ ಹಡಗುಗಳನ್ನು ಮುಳುಗಿಸಿ ಎಲ್‌ಟಿಟಿಇ ಮಾತುಕತೆ ಮುರಿಯಿತು. 1999ರ ಡಿಸೆಂಬರ್‌ನಲ್ಲಿ ಅವರ ಮೇಲೆಯೇ ಬಾಂಬ್ ದಾಳಿಯಾಗಿ ಒಂದು ಕಣ್ಣು ಹೋಯಿತು. ನಮಗೆ 1991ರ ಮೇ 21ರ ಶ್ರೀಪೆರಂಬುದೂರು ಮರೆಯುವಂತಿಲ್ಲ. ರಾಜೀವ್ ಹತ್ಯೆಯ ಸಂಚುಗಾರ ಶಿವರಸನ್ ಮೂರು ತಿಂಗಳ ನಂತರ ಸಿಕ್ಕಿಬಿದ್ದು ಸತ್ತದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ.

2002ರ ಫೆಬ್ರವರಿ 22ರ ಕದನ ವಿರಾಮ ಪ್ರಧಾನಿ ರನಿಲ್ ವಿಕ್ರಮಸಿಂಘೆ ಅವರ ಆಯ್ಕೆ. ನಾರ್ವೆ ಮಧ್ಯಸ್ಥಿಕೆ ವಹಿಸಿತು. ಆರು ಸುತ್ತು ಮಾತುಕತೆ ನಡೆಯಿತು, 2003ರ ಏಪ್ರಿಲ್‌ನಲ್ಲಿ ಎಲ್‌ಟಿಟಿಇ ಹೊರನಡೆಯಿತು. ಇಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸರಿಯಾಗಿಯೇ ಇತ್ತು: ಎಲ್‌ಟಿಟಿಇ ಮುಖ್ಯಸ್ಥ ಪ್ರಭಾಕರನ್ ಹೇಳಿದರೆ ಇಡೀ ಸಂಘಟನೆ ಕೇಳುತ್ತಿತ್ತು. ಆದರೆ ಪ್ರತ್ಯೇಕ ಈಳಂಗಿಂತ ಕಡಿಮೆಯದಕ್ಕೆ ಅವರು ಮನಸ್ಸು ಮಾಡಿದ್ದರು ಎನ್ನುವುದಕ್ಕೆ ಗುರುತೇ ಇಲ್ಲ. ಎರಡನೇ ಪ್ರಶ್ನೆಯಲ್ಲಿ ರನಿಲ್ ಸೋತರು. ಅಧ್ಯಕ್ಷೆ ಚಂದ್ರಿಕಾ ಎದುರು ಪಕ್ಷದವರು. 2003ರ ನವೆಂಬರ್‌ನಲ್ಲಿ ರಕ್ಷಣೆಯೂ ಸೇರಿ ಮೂರು ಖಾತೆಗಳನ್ನು ಅವರು ತಮ್ಮ ಕೈಗೆ ತೆಗೆದುಕೊಂಡರು. ಮನೆಯೊಳಗೇ ಒಮ್ಮತವಿಲ್ಲದವನು ಹೊರಗಿನವನಿಗೆ ಏನು ಮಾತು ಕೊಟ್ಟಾನು?

ಆ ವಿರಾಮದ ಕಾಲದಲ್ಲಿ ಗುಪ್ತಚರ ವ್ಯವಸ್ಥೆಗೆ ಬಿದ್ದ ಪೆಟ್ಟಿನ ಬಗ್ಗೆ ಮಾತುಕತೆಯ ಪರ ಇರುವ ನಮ್ಮಂಥವರು ಹೆಚ್ಚು ಮಾತಾಡುವುದಿಲ್ಲ. 2002ರ ಜನವರಿಯಲ್ಲಿ, ಹೊಸ ಸರ್ಕಾರ ಬಂದ ಕೆಲವೇ ವಾರದಲ್ಲಿ, ಕೊಲಂಬೊ ಬಳಿಯ ಅತುರುಗಿರಿಯದಲ್ಲಿ ಸೇನೆಯ ರಹಸ್ಯ ತಂಡದ ಮನೆಯೊಂದರ ಮೇಲೆ ಪೊಲೀಸರೇ ದಾಳಿ ಮಾಡಿದರು. ಕಾಡಿನೊಳಗೆ ನುಗ್ಗಿ ಎಲ್‌ಟಿಟಿಇ ನಾಯಕರನ್ನು ಬೇಟೆಯಾಡುತ್ತಿದ್ದ ತಂಡ ಅದು. ಗುಟ್ಟು ರಟ್ಟಾಯಿತು. ಮುಂದಿನ ವರ್ಷಗಳಲ್ಲಿ ಕದನ ವಿರಾಮ ಕಾಗದದ ಮೇಲೆ ಇರುವಾಗಲೇ ಎಲ್‌ಟಿಟಿಇ ಅಂಥ ಬೇಹುಗಾರರನ್ನೂ ಮಾಹಿತಿದಾರರನ್ನೂ ಒಬ್ಬೊಬ್ಬರನ್ನಾಗಿ ಕೊಂದಿತು. 2005ರ ಆಗಸ್ಟ್‌ನಲ್ಲಿ ವಿದೇಶಾಂಗ ಸಚಿವ ಲಕ್ಷ್ಮಣ್ ಕದಿರ್ಗಾಮರ್ ಅವರ ಹತ್ಯೆಯಾಯಿತು. ಅವರೂ ತಮಿಳರೇ. ಮಾತಾಡಲು ಕೂರುವ ಸರ್ಕಾರ ತನ್ನ ಕಣ್ಣು ಕಿವಿಗಳನ್ನು ಕಾಪಾಡಿಕೊಳ್ಳದಿದ್ದರೆ ಆಗುವುದು ಇದು.

2005ರ ನವೆಂಬರ್ ಚುನಾವಣೆಯಲ್ಲಿ ಎಲ್‌ಟಿಟಿಇ ಉತ್ತರದ ತಮಿಳರನ್ನು ಮತ ಹಾಕದಂತೆ ತಡೆಯಿತು. ರನಿಲ್ ಕೂದಲೆಳೆಯಲ್ಲಿ ಸೋತರು. ಗೆದ್ದವರು ಮಹಿಂದ ರಾಜಪಕ್ಸ. ಅವರ ತಮ್ಮ, ಮಾಜಿ ಸೇನಾಧಿಕಾರಿ ಗೋಟಬಯ ರಕ್ಷಣಾ ಕಾರ್ಯದರ್ಶಿಯಾದರು, ಶರತ್ ಫೊನ್ಸೆಕಾ ಸೇನೆಯ ದಂಡನಾಯಕರು. ಸೇನೆಯನ್ನು ಭಾರೀ ಪ್ರಮಾಣದಲ್ಲಿ ಹಿಗ್ಗಿಸಿದರು, ಆಯುಧ ತರುತ್ತಿದ್ದ ಎಲ್‌ಟಿಟಿಇ ಹಡಗುಗಳನ್ನು ನಡುಸಮುದ್ರದಲ್ಲಿ ಮುಳುಗಿಸಿದರು, 2004ರಲ್ಲಿ ಒಡೆದು ಬಂದಿದ್ದ ಪೂರ್ವದ ಕಮಾಂಡರ್ ಕರುಣಾನನ್ನು ಬಳಸಿಕೊಂಡರು. 2009ರ ಮೇ 18, 19ರ ಹೊತ್ತಿಗೆ ಎಲ್ಲ ಮುಗಿದಿತ್ತು, ಪ್ರಭಾಕರನ್ ಕೂಡ.

ಭಯೋತ್ಪಾದನೆಯನ್ನು ಸೇನೆಯಿಂದ ಮುಗಿಸಲು ಸಾಧ್ಯವೇ ಇಲ್ಲ ಎನ್ನುವವರಿಗೆ ಶ್ರೀಲಂಕಾ ಗಟ್ಟಿಯಾದ ಉತ್ತರ. ಎಲ್‌ಟಿಟಿಇ ಮತ್ತೆ ತಲೆ ಎತ್ತಲಿಲ್ಲ. ಆದರೆ ಆ ಕೊನೆಯ ಐದು ತಿಂಗಳಲ್ಲಿ, ಸರ್ಕಾರವೇ ಗುಂಡಿನ ದಾಳಿ ಇಲ್ಲದ ವಲಯ ಎಂದು ಘೋಷಿಸಿದ ಮರಳ ದಂಡೆಯಲ್ಲಿ, ಒಂದು ಕಡೆ ಸೇನೆಯ ಶೆಲ್ ದಾಳಿ, ಇನ್ನೊಂದು ಕಡೆ ಜನರನ್ನು ಗುರಾಣಿಯಾಗಿ ಹಿಡಿದಿಟ್ಟ ಎಲ್‌ಟಿಟಿಇ. 40,000ದವರೆಗೂ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಗೆದ್ದ ಮೇಲೆ ಒಂದು ಅವಕಾಶವಿತ್ತು. 1987ರ ಭಾರತ-ಶ್ರೀಲಂಕಾ ಒಪ್ಪಂದದಿಂದ ಬಂದ 13ನೇ ತಿದ್ದುಪಡಿಯಂತೆ ಪ್ರಾಂತ್ಯಗಳಿಗೆ ಜಮೀನು, ಪೊಲೀಸ್ ಅಧಿಕಾರ ಕೊಡಬಹುದಿತ್ತು. ಕೊಡಲಿಲ್ಲ. ತಾತ್ಕಾಲಿಕವೆಂದು 1979ರಲ್ಲಿ ತಂದ ಭಯೋತ್ಪಾದನೆ ತಡೆ ಕಾಯ್ದೆ ಯುದ್ಧ ಮುಗಿದ ಮೇಲೂ ಹಾಗೆಯೇ ಉಳಿಯಿತು.

ಇದರ ಇನ್ನೊಂದು ಕೊನೆ 2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಚರ್ಚು, ಹೋಟೆಲುಗಳಲ್ಲಿ 260ಕ್ಕೂ ಹೆಚ್ಚು ಜನ ಸತ್ತರು. ಭಾರತದಿಂದ ಮುನ್ಸೂಚನೆ ಬಂದಿತ್ತು. ಅಧ್ಯಕ್ಷ ಸಿರಿಸೇನ ಮತ್ತು ಪ್ರಧಾನಿ ರನಿಲ್ ನಡುವೆ ಮಾತೇ ನಿಂತಿತ್ತು. ತಮ್ಮನ್ನು ಭದ್ರತಾ ಮಂಡಳಿಯ ಸಭೆಗೆ ಕರೆಯುತ್ತಿರಲಿಲ್ಲ ಎಂದು ಪ್ರಧಾನಿಯೇ ಹೇಳಿದರು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುವ ಮಾತು ಎಂಥ ಕಡೆ ನಿಜವಾಯಿತು ನೋಡಿ. 2023ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ಹತ್ತು ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡುವಂತೆ ಸಿರಿಸೇನ ಅವರಿಗೆ ಆದೇಶಿಸಿತು. ನಾಯಕರು ಜಗಳ ಬಗೆಹರಿಸುವ ರೀತಿ ಎನ್ನುವಾಗ ಶತ್ರುವಿನ ಜೊತೆಗಿನ ಜಗಳ ಮಾತ್ರ ಲೆಕ್ಕಕ್ಕೆ ಬರುವುದಲ್ಲ. ಸಂಪುಟದೊಳಗಿನ ಜಗಳವೂ ಜೀವ ತೆಗೆಯುತ್ತದೆ.

ಹಿಂಬಾಗಿಲು ತೆರೆದಿಟ್ಟ ದಾರಿ: ಲಂಡನ್ ಮತ್ತು ಬೆಲ್‌ಫಾಸ್ಟ್

ಉತ್ತರ ಐರ್ಲೆಂಡನ್ನು ಶಾಂತಿಯ ಮಾದರಿ ಎನ್ನುತ್ತಾರೆ. ಅದು ಮಾದರಿಯಾಗುವ ಮೊದಲು ಮಾಡಬಾರದ ತಪ್ಪುಗಳನ್ನೆಲ್ಲ ಮಾಡಿ ನೋಡಿದ ಜಾಗ. 1971ರ ಆಗಸ್ಟ್ 9ರಂದು ಅಲ್ಲಿನ ಪ್ರಧಾನಿ ಬ್ರಿಯಾನ್ ಫಾಕ್ನರ್, ಲಂಡನ್ನಿನ ಎಡ್ವರ್ಡ್ ಹೀತ್ ಒಪ್ಪಿಗೆಯೊಂದಿಗೆ, ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕುವ ಕ್ರಮ ತಂದರು. 1975ರಲ್ಲಿ ಅದು ನಿಲ್ಲುವ ಹೊತ್ತಿಗೆ 1,981 ಜನರನ್ನು ಹಿಡಿದಿದ್ದರು. ಅವರಲ್ಲಿ 1,874 ಮಂದಿ ಕ್ಯಾಥೊಲಿಕ್-ರಾಷ್ಟ್ರೀಯವಾದಿ ಕಡೆಯವರು. ಪಟ್ಟಿಗಳು ಹಳೆಯವು, ಉತ್ತರವನ್ನು ಬ್ರಿಟನ್ನಿನಿಂದ ಬಿಡಿಸಿ ಐರ್ಲೆಂಡಿಗೆ ಸೇರಿಸಲು ಬಂದೂಕು ಹಿಡಿದ ಐಆರ್‌ಎ ಜೊತೆ ಎಷ್ಟೋ ಜನಕ್ಕೆ ಸಂಬಂಧವೇ ಇರಲಿಲ್ಲ. ಇಲಿ ಹಿಡಿಯಲು ಮನೆಗೆ ಬೆಂಕಿ ಇಟ್ಟಂತಾಯಿತು. 1972ರ ಜನವರಿ 30ರಂದು ಡೆರ‍್ರಿ ನಗರದಲ್ಲಿ ಈ ಕ್ರಮದ ವಿರುದ್ಧವೇ ನಡೆದ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿ 13 ಜನರನ್ನು ಕೊಂದರು. ಆ ವರ್ಷವೇ ಇಡೀ ಸಂಘರ್ಷದಲ್ಲಿ ಅತಿ ಹೆಚ್ಚು ಜನ ಸತ್ತ ವರ್ಷ.

ಆಮೇಲೆ ಬ್ರಿಟನ್ನಿನ ಪ್ರಧಾನಿಯಾದ ಥ್ಯಾಚರ್ ಅವರ ನಿಲುವು ಬೇರೆ: ಇದು ರಾಜಕೀಯವಲ್ಲ, ಅಪರಾಧ. ಹಾಗಾಗಿ ಕೈದಿಗಳಿಗೆ ರಾಜಕೀಯ ಕೈದಿಗಳ ಸ್ಥಾನವಿಲ್ಲ. 1981ರಲ್ಲಿ ಜೈಲಿನಲ್ಲಿ ಉಪವಾಸ ಕೂತ ಬಾಬಿ ಸ್ಯಾಂಡ್ಸ್, ಉಪವಾಸದ ನಡುವೆಯೇ ಸಂಸತ್ತಿಗೆ ಆರಿಸಿ ಬಂದು, 66ನೇ ದಿನ ಸತ್ತರು. ಒಟ್ಟು ಹತ್ತು ಜನ ಸತ್ತರು. ಥ್ಯಾಚರ್ ಬಗ್ಗಲಿಲ್ಲ. ಆದರೆ ಮತಪೆಟ್ಟಿಗೆಯಿಂದಲೂ ಗೆಲ್ಲಬಹುದು ಎಂದು ಐಆರ್‌ಎಯ ರಾಜಕೀಯ ಅಂಗ ಶಿನ್ ಫೇನ್ ಕಂಡುಕೊಂಡದ್ದು ಆಗಲೇ. ಇದೇ ಥ್ಯಾಚರ್, ಬ್ರೈಟನ್ ಹೋಟೆಲಿನಲ್ಲಿ ತಮ್ಮನ್ನೇ ಕೊಲ್ಲಲು ಇಟ್ಟ ಬಾಂಬಿನಿಂದ ಪಾರಾದ ಒಂದು ವರ್ಷಕ್ಕೆ, 1985ರ ನವೆಂಬರ್‌ನಲ್ಲಿ, ಐರ್ಲೆಂಡ್ ಸರ್ಕಾರಕ್ಕೆ ಉತ್ತರದ ವಿಷಯದಲ್ಲಿ ಸಲಹೆಯ ಹಕ್ಕು ಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು.

ನನಗೆ ಹೆಚ್ಚು ಗೌರವವಿರುವುದು ಥ್ಯಾಚರ್ ನಂತರ ಪ್ರಧಾನಿಯಾದ ಜಾನ್ ಮೇಜರ್ ಮೇಲೆ. ಹೊಗಳಿಕೆಯೆಲ್ಲ ಟೋನಿ ಬ್ಲೇರ್‌ಗೆ ಹೋಗುತ್ತದೆ. 1991ರ ಫೆಬ್ರವರಿ 7ರಂದು ಮೇಜರ್ ಸಂಪುಟ ಸಭೆಯಲ್ಲಿ ಕೂತಿದ್ದಾಗ ಐಆರ್‌ಎ ಹಾರಿಸಿದ ಮಾರ್ಟರ್ ಪ್ರಧಾನಿ ನಿವಾಸದ ಹಿತ್ತಲಲ್ಲಿ ಬಿತ್ತು. ಆದರೂ ಅವರು ಐಆರ್‌ಎ ಜೊತೆಗಿನ ಗುಟ್ಟಿನ ಸಂಪರ್ಕವನ್ನು ಕಡಿಯಲಿಲ್ಲ. ಹೊರಗೆ ಪೊಲೀಸ್ ಕೆಲಸ, ಬೇಹುಗಾರಿಕೆ, ಬಂಧನ ಎಲ್ಲ ನಡೆಯುತ್ತಿತ್ತು. ಒಳಗೆ ಒಂದು ಎಳೆ ಉಳಿದಿತ್ತು. 1993ರ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಪ್ರಧಾನಿ ಆಲ್ಬರ್ಟ್ ರೆನಾಲ್ಡ್ಸ್ ಜೊತೆ ಜಂಟಿ ಘೋಷಣೆ, 1994ರ ಆಗಸ್ಟ್ 31ರಂದು ಐಆರ್‌ಎ ಕದನ ವಿರಾಮ. ಆಮೇಲೆ ಮೇಜರ್ ಎಡವಿದರು. ಮೊದಲು ಆಯುಧ ಒಪ್ಪಿಸಿ, ಆಮೇಲೆ ಮಾತು ಎಂದು ಹಟ ಹಿಡಿದರು. ಸಂಸತ್ತಿನಲ್ಲಿ ಅವರ ಬಹುಮತ ಕರಗುತ್ತಿತ್ತು, ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಉತ್ತರದ ಯೂನಿಯನಿಸ್ಟ್ ಸಂಸದರನ್ನು ಎದುರು ಹಾಕಿಕೊಳ್ಳುವಂತಿರಲಿಲ್ಲ. 1996ರ ಫೆಬ್ರವರಿಯಲ್ಲಿ ಲಂಡನ್ ಡಾಕ್‌ಲ್ಯಾಂಡ್ಸ್‌ನಲ್ಲಿ ಬಾಂಬ್ ಸಿಡಿಯಿತು. ಇಲ್ಲಿಯೂ ಅದೇ ಎರಡನೇ ಪ್ರಶ್ನೆ.

1997ರಲ್ಲಿ ದೊಡ್ಡ ಬಹುಮತದೊಂದಿಗೆ ಬಂದ ಬ್ಲೇರ್‌ಗೆ ಆ ಕಟ್ಟು ಇರಲಿಲ್ಲ. ಆಯುಧದ ವಿಷಯವನ್ನು ಮಾತುಕತೆಯ ಹೊಸ್ತಿಲಿನಿಂದ ತೆಗೆದು ಒಳಗಿನ ಕೋಣೆಗೆ ಹಾಕಿದರು. ಅಮೆರಿಕದ ಜಾರ್ಜ್ ಮಿಚೆಲ್ ಅಧ್ಯಕ್ಷತೆಯಲ್ಲಿ 1998ರ ಏಪ್ರಿಲ್ 10ರಂದು ಗುಡ್ ಫ್ರೈಡೆ ಒಪ್ಪಂದವಾಯಿತು. ಉತ್ತರದಲ್ಲಿ ಶೇಕಡ 71 ಜನ ಒಪ್ಪಿದರು. ಬೆಲೆಯೂ ಇತ್ತು. ಕೊಲೆ ಮಾಡಿದ ಕೈದಿಗಳು ಎರಡು ವರ್ಷದೊಳಗೆ ಹೊರಗೆ ಬಂದರು. ಸತ್ತವರ ಮನೆಯವರು ಅದನ್ನು ರಸ್ತೆಯಲ್ಲಿ ನಿಂತು ನೋಡಬೇಕಾಯಿತು. ನಾಲ್ಕೇ ತಿಂಗಳಲ್ಲಿ ಒಪ್ಪಂದ ಒಪ್ಪದ ಬಣ ಒಮಾ ಪಟ್ಟಣದಲ್ಲಿ ಬಾಂಬ್ ಇಟ್ಟು 29 ಜನರನ್ನು ಕೊಂದಿತು. ಪಂಜಾಬಿನಲ್ಲಿ ಲೋಂಗೊವಾಲ್ ಹತ್ಯೆಯ ನಂತರ ಆದದ್ದು ಇಲ್ಲಿ ಆಗಲಿಲ್ಲ. ಶಿನ್ ಫೇನ್ ನಾಯಕರೇ ಆ ದಾಳಿಯನ್ನು ಖಂಡಿಸಿದರು, ಸರ್ಕಾರ ಕೊಟ್ಟ ಮಾತಿನಿಂದ ಹಿಂದೆ ಸರಿಯಲಿಲ್ಲ. ಐಆರ್‌ಎ ಆಯುಧ ಪೂರ್ತಿ ಹೋಗಲು 2005 ಆಯಿತು. ಪೊಲೀಸ್ ಪಡೆಯ ಹೆಸರು, ಲಾಂಛನ, ನೇಮಕಾತಿ ಎಲ್ಲ ಬದಲಾದವು. ಕ್ಯಾಥೊಲಿಕ್ ಹುಡುಗನೊಬ್ಬ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವಂತಾಯಿತು. ಭಯೋತ್ಪಾದನೆ ನಿಗ್ರಹಕ್ಕೆ ಇದಕ್ಕಿಂತ ದೊಡ್ಡ ಕೆಲಸ ಯಾವ ವಿಶೇಷ ಕಾಯ್ದೆಯಿಂದಲೂ ಆಗಿರಲಿಲ್ಲ.

ಹೊಡೆದು ಕೂರಿಸುವ ದಾರಿ: ಬೊಗೊಟಾ

ಕೊಲಂಬಿಯಾವನ್ನು ಚಿಕ್ಕದಾಗಿ ಹೇಳುತ್ತೇನೆ. ಅಧ್ಯಕ್ಷ ಪಾಸ್ಟ್ರಾನಾ 1998ರಲ್ಲಿ ಫಾರ್ಕ್ ಎಂಬ ಎಡಪಂಥೀಯ ಬಂಡುಕೋರರಿಗೆ 42,000 ಚದರ ಕಿಲೋಮೀಟರ್ ಜಾಗ ಬಿಟ್ಟುಕೊಟ್ಟು ಮಾತಿಗೆ ಕರೆದರು. ಅದು ನಮ್ಮ ಕೇರಳಕ್ಕಿಂತ ದೊಡ್ಡದು. ಉದ್ಘಾಟನೆಯ ದಿನ ಫಾರ್ಕ್ ನಾಯಕ ಬರಲೇ ಇಲ್ಲ, ಪಕ್ಕದ ಕುರ್ಚಿ ಖಾಲಿ ಇತ್ತು. ಬಲಗೊಳ್ಳುತ್ತಿದ್ದವರಿಗೆ ಬರುವ ಅಗತ್ಯವೇ ಇರಲಿಲ್ಲ. 2002ರಲ್ಲಿ ಬಂದ ಉರಿಬೆ ಅವರ ತಂದೆಯನ್ನು ಫಾರ್ಕ್ ಕೊಂದಿತ್ತು. ಅವರು ಸೇನೆಯನ್ನು ಬಿಟ್ಟರು. ಸತ್ತವರ ಲೆಕ್ಕಕ್ಕೆ ಬಹುಮಾನ ಸಿಗುವ ವ್ಯವಸ್ಥೆಯಲ್ಲಿ ಸೈನಿಕರು ಬಡ ಹುಡುಗರನ್ನು ಕೊಂದು ಬಂಡುಕೋರರ ವೇಷ ತೊಡಿಸಿದರು. 2002ರಿಂದ 2008ರ ನಡುವೆ ಇಂಥ 6,402 ಕೊಲೆಗಳಾದವು ಎಂದು ಶಾಂತಿ ಒಪ್ಪಂದದಿಂದ ಹುಟ್ಟಿದ ವಿಶೇಷ ನ್ಯಾಯಾಲಯ ಲೆಕ್ಕ ಹಾಕಿತು.

ಉರಿಬೆಯ ರಕ್ಷಣಾ ಸಚಿವರಾಗಿದ್ದ ಸಾಂತೋಸ್ 2010ರಲ್ಲಿ ಅಧ್ಯಕ್ಷರಾದರು. ಫಾರ್ಕ್‌ನ ಮೇಲೆ ಅತಿ ದೊಡ್ಡ ಪೆಟ್ಟು ಕೊಟ್ಟವರೇ 2012ರಲ್ಲಿ ಅದರ ಜೊತೆ ಹವಾನಾದಲ್ಲಿ ಕೂತರು, ದಾಳಿ ನಿಲ್ಲಿಸದೆಯೇ. 2016ರ ಅಕ್ಟೋಬರ್ ಜನಮತದಲ್ಲಿ ಒಪ್ಪಂದ ಕೂದಲೆಳೆಯಲ್ಲಿ ಸೋತಿತು. ತಿದ್ದಿ, ಸಂಸತ್ತಿನಲ್ಲಿ ಪಾಸು ಮಾಡಿಸಿದರು. ಸುಮಾರು 7,000 ಬಂಡುಕೋರರು ಶಿಬಿರಕ್ಕೆ ಬಂದರು. ಮುಂದಿನ ಅಧ್ಯಕ್ಷರಿಗೆ ಒಪ್ಪಂದದ ಮೇಲೆ ಒಲವಿರಲಿಲ್ಲ, ಹಳ್ಳಿಗಳಿಗೆ ಹೇಳಿದ್ದ ರಸ್ತೆ, ಜಮೀನು ನಿಧಾನವಾಯಿತು, 2019ರಲ್ಲಿ ಒಂದು ಬಣ ಮತ್ತೆ ಬಂದೂಕು ಹಿಡಿಯಿತು.

ಪಕ್ಕಪಕ್ಕ ಇಟ್ಟು ನೋಡಿದರೆ

ಎದುರಾಳಿಗೆ ಒಬ್ಬ ಯಜಮಾನನಿದ್ದು, ಅವನ ಬೇಡಿಕೆಯಲ್ಲಿ ಸಂವಿಧಾನದೊಳಗೆ ಕೊಡಬಹುದಾದದ್ದು ಏನಾದರೂ ಇದ್ದರೆ ಮಿಜೋರಂ ದಾರಿ. ಅವಸರ ಮಾಡಬೇಕು, ಕೊಡುವುದನ್ನು ಹೇಳಿದ ದಿನವೇ ಕೊಡಬೇಕು. ಕೊಡಲಾಗದ ತಾರೀಕನ್ನು ಬರೆಯಲೇಬಾರದು. ಮುರಿದ ಒಪ್ಪಂದ ಒಪ್ಪಂದವೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂಬುದನ್ನು ಪಂಜಾಬ್ ಕಂಡಿದೆ.

ಯಜಮಾನನಿದ್ದಾನೆ, ಆದರೆ ತಾನು ಗೆಲ್ಲುತ್ತಿದ್ದೇನೆ ಎಂದುಕೊಂಡಿದ್ದಾನೆ ಎಂದಾದರೆ ಪಾಸ್ಟ್ರಾನಾ ಥರ, ರನಿಲ್ ಥರ ಜಾಗ ಬಿಟ್ಟು ಕರೆಯುವುದು ವ್ಯರ್ಥ. ಇಲ್ಲಿ ನಾನು ಮೇಜರ್ ಮತ್ತು ಸಾಂತೋಸ್ ದಾರಿಯನ್ನೇ ಆರಿಸುತ್ತೇನೆ: ಒತ್ತಡ ಸಡಿಲಿಸದೆ, ಗುಟ್ಟಿನ ಎಳೆಯನ್ನೂ ಕಡಿಯದೆ. ಮಾತಾಡಿದವರ ಮೇಲೆಯೇ ದಾಳಿ ಮಾಡಿದ ಎಲ್‌ಟಿಟಿಇಯಂಥವರ ಎದುರು ಯುದ್ಧ ಅನಿವಾರ್ಯವಾಗಬಹುದು ಎಂಬುದನ್ನೂ ಒಪ್ಪುತ್ತೇನೆ. ಆಗ ನಾಯಕನನ್ನು ಅಳೆಯಬೇಕಾದದ್ದು ನಾಗರಿಕರನ್ನು ಹೇಗೆ ಕಂಡರು, ಗೆದ್ದ ಮರುವರ್ಷ ಸೋತ ಜನರಿಗೆ ಏನು ಕೊಟ್ಟರು ಎಂಬುದರಿಂದ. ರಾಜಪಕ್ಸ ಅಲ್ಲಿ ಸೋತರು.

ಗಡಿಯಾಚೆಯಿಂದ ಬರುವ ಭಯೋತ್ಪಾದನೆಗೆ ಈ ಅಳತೆ ಪೂರ್ತಿ ಹೊಂದುವುದಿಲ್ಲ. 2008ರ ಮುಂಬೈ ದಾಳಿಯಲ್ಲಿ 166 ಜನ ಸತ್ತ ಮೇಲೆ ಮನಮೋಹನ್ ಸಿಂಗ್ ಸೇನಾ ದಾಳಿ ಮಾಡದೆ ಎನ್‌ಐಎ ಎಂಬ ರಾಷ್ಟ್ರೀಯ ತನಿಖಾ ಸಂಸ್ಥೆ ಕಟ್ಟಿದರು, ಭಯೋತ್ಪಾದನೆ ವಿರುದ್ಧದ ಯುಎಪಿಎ ಕಾಯ್ದೆ ಬಿಗಿ ಮಾಡಿದರು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಕನ್ನಡಿಗರೂ ಸೇರಿ 26 ಜನರ ಹತ್ಯೆಯಾದ ಮೇಲೆ ನರೇಂದ್ರ ಮೋದಿ ಸರ್ಕಾರ ಮೇ 7ರಂದು ಗಡಿಯಾಚೆಯ ನೆಲೆಗಳ ಮೇಲೆ ದಾಳಿ ಮಾಡಿತು. ಇಲ್ಲಿ ಎದುರಿಗಿರುವುದು ಒಂದು ದೇಶ, ಅದರ ಸೇನೆ. ಆ ಲೆಕ್ಕವೇ ಬೇರೆ. ಈ ಬರಹದ ತಕ್ಕಡಿಯಲ್ಲಿ ಅದನ್ನು ಇಡಲು ನಾನು ಹೋಗುವುದಿಲ್ಲ.

ನಮ್ಮ ಮಲೆನಾಡಿನಲ್ಲಿ

ಇದೇ ಎರಡು ಪ್ರಶ್ನೆಗಳನ್ನು ಪಶ್ಚಿಮ ಘಟ್ಟಕ್ಕೆ ತಂದು ನೋಡಬಹುದು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುವ ಭಯದಲ್ಲಿ ಆದಿವಾಸಿ ಮನೆಗಳಿದ್ದಾಗ ನಕ್ಸಲರು ಅಲ್ಲಿ ಬೇರು ಬಿಟ್ಟರು. 2005ರ ಫೆಬ್ರವರಿಯಲ್ಲಿ ಅವರ ನಾಯಕ ಸಾಕೇತ್ ರಾಜನ್ ಚಿಕ್ಕಮಗಳೂರು ಜಿಲ್ಲೆಯಲ್ಲಿ ಪೊಲೀಸ್ ಗುಂಡಿಗೆ ಬಲಿಯಾದರು. ಕೆಲವೇ ದಿನದಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಮೀಸಲು ಪೊಲೀಸರನ್ನು ಕೊಂದರು. ಕೊಲ್ಲುವುದು, ಸೇಡು ತೀರಿಸುವುದು ಹೀಗೇ ವರ್ಷಗಳು ಹೋದವು. ಪೊಲೀಸ್ ಕೂಂಬಿಂಗ್ ಒಂದು ಕಡೆ, ಶಾಂತಿಗಾಗಿ ಓಡಾಡಿದ ನಾಗರಿಕರ ವೇದಿಕೆ ಇನ್ನೊಂದು ಕಡೆ. 2014ರ ಡಿಸೆಂಬರ್‌ನಲ್ಲಿ ನಕ್ಸಲ್ ನಾಯಕರಾಗಿದ್ದ ಸಿರಿಮನೆ ನಾಗರಾಜ್ ಮತ್ತು ನೂರ್ ಜುಲ್ಫಿಕರ್ ಮುಖ್ಯವಾಹಿನಿಗೆ ಬಂದರು. 2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್ ಆಯಿತು. ಎರಡು ತಿಂಗಳೂ ತುಂಬುವ ಮೊದಲು, 2025ರ ಜನವರಿ 8ರಂದು, ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಎದುರು ಶರಣಾದರು.

ಬಂದೂಕು ಹಿಡಿದವರೇ ಸ್ವತಃ ಬಂದು ಕೂತಿದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಎರಡನೆಯದಿನ್ನೂ ನಡೆಯುತ್ತಿದೆ. ಶರಣಾದವರ ಮೇಲೆ ಕೇರಳ, ತಮಿಳುನಾಡಿನಲ್ಲೂ ಮೊಕದ್ದಮೆಗಳಿವೆ, ಅವು ಬೇಗ ಮುಗಿಯಬೇಕು. ಅದಕ್ಕಿಂತ ಮುಖ್ಯವಾಗಿ, ಅವರು ಬೇರು ಬಿಟ್ಟ ಆ ಕಾಡಂಚಿನ ಮಲೆಕುಡಿಯರ ಮನೆಗಳಿಗೆ ರಸ್ತೆ, ಕರೆಂಟು, ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರ ತಲುಪಬೇಕು. ಮುಂದೊಂದು ದಿನ ಹೆಬ್ರಿ, ಶೃಂಗೇರಿ ಕಡೆ ಹೋದಾಗ ನಕ್ಸಲರ ಸುದ್ದಿ ಕೇಳುವ ಬದಲು ಆ ಹಕ್ಕುಪತ್ರ ಬಂತೇ ಎಂದು ಕೇಳಿ ನೋಡಿ.